ಮೂಲೆ ಹರಿದ ಕಾರ್ಡು

ಶಾಹಾಪೇಟೆ, ವಿಜಾಪುರ
೯ ಸೆಪ್ಟೆಂಬರ್ ೧೯೪೫

ತಮ್ಮಾ ಶಿವಯೋಗೀ,

ನೂರು ವರ್ಷ ಬಾಳು ಎಂದು ಮೊದಲೇ ಹರಸಿಬಿಡುತ್ತೇನೆ, ಆಮೇಲೆ ಬಯ್ಯಲು ಅನುಕೂಲ. ನಾಲ್ಕು ಸಾಲಿಗಾಗಿ ಒಂದು ಕಾರ್ಡು ಹಾಳು ಮಾಡುತ್ತೀ. ಅದರಲ್ಲಿ ಎರಡು ಸಾಲು ‘ಇತ್ತ ಎಲ್ಲರೂ ಕ್ಷೇಮ, ಅತ್ತಣ ಕ್ಷೇಮಕ್ಕೆ ಬರೆಯುವುದು’. ನಿನ್ನನ್ನು ಕಿವಿ ಹಿಂಡಿ ಮುಲ್ಕಿ ಪರೀಕ್ಷೆಗೆ ಕೂಡಿಸಿದವಳು ನಾನು. ಹೆಣ್ಣುಮಕ್ಕಳ ಸಾಲಿಯಲ್ಲಿ ಪಾಠ ಹೇಳುವ ಬಾಯಾರ ತಮ್ಮನಿಗೆ ಕ್ಷೇಮ ಬಿಟ್ಟು ಇನ್ನೊಂದು ಶಬ್ದ ಬರುವುದಿಲ್ಲ ಎಂದು ಯಾರಾದರೂ ಅಂದರೆ ನನ್ನ ಮಾನ ಎಲ್ಲಿ ಉಳಿಯಿತು?

ಯುದ್ಧ ಮುಗಿಯಿತೆಂದು ಸಾಲಿಯಲ್ಲಿ ಹುಡುಗಿಯರಿಗೆ ಪೇಢೆ ಹಂಚಿದೆವು. ಅವ್ವನಿಗೂ ಒಂದು ತಂದುಕೊಟ್ಟೆ. ಬಾಯಿಗೆ ಹಾಕಿಕೊಳ್ಳಲಿಲ್ಲ. “ಮುಗದ ಮ್ಯಾಲ ಇನ್ನ ಯಾಕ ಬರವಲ್ಲ ನನ್ನ ಮಗ? ದಾರಿ ಮರತಾನೇನ?” ಎಂದು ನನ್ನನ್ನೇ ಕೇಳಿದಳು, ನಾನೇ ನಿನ್ನನ್ನು ಹಿಡಿದಿಟ್ಟವಳ ಹಾಗೆ.

ಪೋಸ್ಟಿನ ಬಾಬುಸಾಬ ಬದಲಾಗಿಲ್ಲ. ಓಣಿಯ ತುದಿಯಲ್ಲೇ ನಿಂತು ಕಾರ್ಡು ಎತ್ತಿ ಹಿಡಿದು, “ನಾಕೂ ಮೂಲಿ ಅದಾವ್ರೀ ಬಾಯಾರ!” ಎಂದು ಕೂಗುತ್ತಾನೆ. ನಿಮ್ಮ ಭಾವ ತೀರಿಹೋದ ಸುದ್ದಿ ಸೊಲ್ಲಾಪುರದಿಂದ ಮೂಲೆ ಹರಿದ ಕಾರ್ಡಿನಲ್ಲಿ ಬಂದಾಗ ಅದನ್ನು ಕೊಟ್ಟವನು ಅವನೇ. ಅವತ್ತು ಅವ್ವ ಬಾಗಿಲಲ್ಲೇ ಬಿದ್ದಳಲ್ಲ, ಅದನ್ನು ಅವನು ಮರೆತಿಲ್ಲ. ಸಾವಿನ ಕಾರ್ಡಿಗೆ ಮೂಲೆ ಹರಿಯುತ್ತಾರೆ, ಲಗ್ನದ ಕಾರ್ಡಿಗೆ ಅರಿಷಿಣ ಹಚ್ಚುತ್ತಾರೆ. ನಿನ್ನ ಹೆಸರಿನಲ್ಲಿ ಅರಿಷಿಣ ಹಚ್ಚುವ ದಿನವನ್ನೇ ನಾನು ಕಾಯುತ್ತಿದ್ದೇನೆ.

ಟಿಕೋಟಿಯ ಅಮರಪ್ಪ ಮಾವನಂತೂ ಯುದ್ಧವನ್ನು ತಾನೇ ಗೆದ್ದವನ ಹಾಗೆ ಮೀಸೆ ತಿರುವುತ್ತಿದ್ದಾನೆ. ೪೨ರಲ್ಲಿ ಟಿಕೋಟಿಯ ಬಜಾರಿನಲ್ಲಿ ಚಕ್ಕಡಿಯ ಮೇಲೆ ನಿಂತು, “ತಾಯಂದಿರ್ಯಾ, ಅಂಜಬ್ಯಾಡ್ರಿ, ಈ ಹುಡುಗೂರ ಒಳ್ಳೇದಕ್ಕೂ ಕೆಟ್ಟದ್ದಕ್ಕೂ ನಾ ಜಾಮೀನು” ಎಂದು ನಿಮ್ಮನ್ನೆಲ್ಲ ಪಲ್ಟನ್ನಿಗೆ ಏರಿಸಿದನಲ್ಲ, ಅದಕ್ಕೆ ಸರಕಾರ ರಾವಸಾಹೇಬ ಪದವಿ ಕೊಟ್ಟಿದೆ. ಈಗ ಅಸೆಂಬ್ಲಿ ಚುನಾವಣೆಗೆ ಯಾವ ಪಕ್ಷವೂ ಇಲ್ಲದೆ ಸ್ವಂತ ನಿಲ್ಲುವ ವಿಚಾರ. ಜಾಮೀನಿನವನು ಆರಾಮ ಇದ್ದಾನೆ. ನೀನು ಬಂದುಬಿಡು.

ನಿನ್ನ ಅಕ್ಕ
ಅಕ್ಕನಾಗಮ್ಮ


ಮಲಾಯಾ
೧೪ ಅಕ್ಟೋಬರ್ ೧೯೪೫

ಅಕ್ಕನಿಗೆ ಶರಣು. ಅವ್ವನ ಪಾದಕ್ಕೆ ಶರಣು.

ಬೈಗುಳ ಮುಟ್ಟಿತು. ನಮ್ಮ ಪಲ್ಟನ್ನಿನ ಕಾಗದಗಳನ್ನೆಲ್ಲ ಒಬ್ಬ ಸಾಹೇಬರು ಓದಿ ಕಳಿಸುತ್ತಾರೆ. ಅವರಿಗೆ ಬಹಳ ಪ್ರೀತಿಯ ಶಬ್ದವೆಂದರೆ ಕ್ಷೇಮ. ಅದಕ್ಕೇ ನಾನು ಅದನ್ನೇ ಬರೆಯುತ್ತೇನೆ, ಮತ್ತೇನಿಲ್ಲ.

ನನ್ನನ್ನು ನಾಯಕ ಮಾಡಿದ್ದಾರೆ. ತೋಳಿಗೆ ಎರಡು ಪಟ್ಟಿ. ಈಗ ಹಡಗು ಹತ್ತಿಸಿ ಬೇರೆ ನಡುಗಡ್ಡೆಗೆ ಕಳಿಸುತ್ತಿದ್ದಾರೆ. ಹೆಸರು ಬರೆಯುವಂತಿಲ್ಲ. ಅಲ್ಲಿ ಜಪಾನಿಯರು ಇಟ್ಟ ಆಯುಧ ಎತ್ತಿಕೊಳ್ಳುವುದು, ಅವರು ಸೆರೆಯಲ್ಲಿಟ್ಟ ಹೆಂಗಸರು ಮಕ್ಕಳನ್ನು ಬಿಡಿಸಿ ಹಡಗು ಹತ್ತಿಸುವುದು, ಇಷ್ಟೇ ಕೆಲಸವಂತೆ. ಬೀಗರ ಮನೆಯಲ್ಲಿ ಬಿಟ್ಟುಬಂದ ಪಾತ್ರೆ ತರಲು ಹೋದ ಹಾಗೆ. ಸಂಕ್ರಮಣದ ಮಾದಲಿಗೆ ನಾನು ಮನೆಯಲ್ಲಿರುತ್ತೇನೆ, ಅವ್ವನಿಗೆ ಹೇಳು.

ನನ್ನ ಸಂಗಡ ಮಮದಾಪುರದ ಗೈಬುಸಾಬ ಇದ್ದಾನೆ. ಆ ನಡುಗಡ್ಡೆಯಲ್ಲಿ ಎಲ್ಲರೂ ಅವನ ಮಂದಿಯೇ ಅಂತ ಕೇಳಿ, ದರ್ಗಾಕ್ಕೆ ಹೊರಟವನ ಹಾಗೆ ದಾಡಿ ನೇರ್ಪು ಮಾಡಿಕೊಂಡು ಕೂತಿದ್ದಾನೆ. ಅವನಿಗೂ ನನಗೂ ಊಟಕ್ಕೆ ಹಚ್ಚಿಕೊಳ್ಳಲು ಬೇಕಾದದ್ದು ಒಂದೇ, ಶೇಂಗಾ ಹಿಂಡಿ. ಸಾಧ್ಯವಾದರೆ ಕಳಿಸು, ಎಣ್ಣೆ ಸೋರದ ಹಾಗೆ ಕಟ್ಟು.

ತಮ್ಮ
ಶಿವಯೋಗಿ


ವಿಜಾಪುರ
೨೪ ನವೆಂಬರ್ ೧೯೪೫

ಶಿವಯೋಗೀ,

ಹಿಂಡಿ ಕಳಿಸಿ ತಿಂಗಳಾಯಿತು. ನಿನ್ನಿಂದ ಒಂದು ಸಾಲಿಲ್ಲ. ಬಾಬುಸಾಬ ನಮ್ಮ ಮನೆ ದಾಟುವಾಗ ಮುಖ ಆ ಕಡೆ ತಿರುಗಿಸಿಕೊಂಡು ಹೋಗುತ್ತಾನೆ. ಕೊಡಲು ಏನೂ ಇಲ್ಲದ್ದು ಅವನದೇ ತಪ್ಪೆಂಬಂತೆ.

ನಿನ್ನ ನಡುಗಡ್ಡೆ ಜಾವಾನೇ? ಹೂಂ ಅಥವಾ ಉಹೂಂ, ಇಷ್ಟು ಬರೆ ಸಾಕು. ವಾಚನಾಲಯದ ಪತ್ರಿಕೆಯಲ್ಲಿ ಅಲ್ಲಿಯ ಸುರಬಾಯಾ ಅನ್ನುವ ಊರಿನ ಸುದ್ದಿ ಓದಿದೆ. ಹಡಗಿನಿಂದ ತೋಫು ಹಾರಿಸಿದರಂತೆ, ಮೇಲಿಂದ ವಿಮಾನ ಬಾಂಬು ಹಾಕಿತಂತೆ, ಊರೊಳಗೆ ಓಣಿ ಓಣಿಯಲ್ಲಿ ಗುಂಡಂತೆ, ಮಂದಿ ಗಂಟುಮೂಟೆ ಹೊತ್ತು ಓಡಿದರಂತೆ. ಹಿಂದುಸ್ತಾನದ ಪಲ್ಟನ್ನುಗಳೂ ಇದ್ದವಂತೆ. ನನಗರಿವಿಲ್ಲದೆ ಗಟ್ಟಿಯಾಗಿ ಓದತೊಡಗಿದ್ದೆ. ಪಕ್ಕದವರು ತಿರುಗಿ ನೋಡಿದರು.

ಮೊನ್ನೆ ಮಾರ್ಕೆಟ್ಟಿನ ಮುಂದೆ ಸಭೆ ಇತ್ತು. ಒಬ್ಬರು ಭಾಷಣದಲ್ಲಿ, ನಾವೇ ಗುಲಾಮರು, ಇನ್ನೊಂದು ಗುಲಾಮ ದೇಶ ತಲೆಯೆತ್ತಿದರೆ ಅದರ ಎದೆಗೆ ಗುಂಡು ಹಾಕಲು ನಮ್ಮ ಹುಡುಗರೇ ಬೇಕೇ, ಅಲ್ಲಿ ಸತ್ತ ಹೆಂಗಸರು ಮಕ್ಕಳ ಲೆಕ್ಕ ಕೊಡುವವರು ಯಾರು ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಬದಿಗೆ ಕೂತಿದ್ದ ಆನಂದೀಬಾಯಿ, “ನಿಮ್ಮ ತಮ್ಮ ಎಲ್ಲಿರತಾನ್ರೀ?” ಎಂದು ಕೇಳಿದಳು. ಮಲಾಯಾ ಅಂದೆ. ಸುಳ್ಳೋ ಖರೆಯೋ ನನಗೇ ಗೊತ್ತಿಲ್ಲ.

ಮಾವನನ್ನು ಕೇಳಿದರೆ ನಕ್ಕ. “ಪೇಪರದಾವ್ರು ಹೊಟ್ಟಿಪಾಡಿಗೆ ಬರೀತಾರವ್ವಾ. ನಾಕ ಮಂದಿ ಪುಂಡರ ಗದ್ದಲ ಅದು.” ನಾಲ್ಕು ಮಂದಿ ಪುಂಡರಿಗೆ ಹಡಗಿನ ತೋಫು ಯಾಕೆ ಎಂದು ಕೇಳುವಷ್ಟರಲ್ಲಿ ಎದ್ದು ಹೋದ.

ನನ್ನ ಜೀವ ಅಂಗೈಯಲ್ಲಿದೆ. ನಿನ್ನ ಆ ಹಾಳು ಕ್ಷೇಮವನ್ನಾದರೂ ಬರೆ.

ಅಕ್ಕ


೪ ಡಿಸೆಂಬರ್ ೧೯೪೫

ಅಕ್ಕನಿಗೆ ಶರಣು.

ಇತ್ತ ಎಲ್ಲರೂ ಕ್ಷೇಮ. ಇಲ್ಲಿ ತೆಂಗಿನಕಾಯಿ ಬಹಳ. ಮಳೆ ದಿನಾಲೂ. ಶೇಂಗಾ ಹಿಂಡಿ ಮುಟ್ಟಿತು, ಗೈಬುಸಾಬ ಡಬ್ಬಿ ನೆಕ್ಕಿದ. ಈ ಕಾರ್ಡು ಹೇಗೆ ಬಂದಿದೆಯೋ ಹಾಗೆಯೇ ತಿಳಿದುಕೊಳ್ಳಿರಿ. ಅವ್ವನಿಗೆ ತಿಳಿಯುತ್ತದೆ.

ಶಿವಯೋಗಿ


ವಿಜಾಪುರ
೩೦ ಡಿಸೆಂಬರ್ ೧೯೪೫

ಏನು ಮಾಡಿಟ್ಟೆಯೋ ಮಾರಾಯಾ!

ಬಾಬುಸಾಬ ಬಂದ. ಕೂಗಲಿಲ್ಲ. ಟೊಪ್ಪಿಗೆ ತೆಗೆದು ಕಟ್ಟೆಯ ಕೆಳಗೆ ನಿಂತ. “ಬಾಯಾರ, ಮೊದ್ಲ ಯವ್ವಾರನ್ನ ಒಳಗ ಕೂಡಸ್ರಿ” ಎಂದ. ಅಷ್ಟರಲ್ಲಿ ಅವ್ವ ಅವನ ಕೈಯಲ್ಲಿದ್ದ ಕಾರ್ಡು ನೋಡಿಬಿಟ್ಟಿದ್ದಳು. ಮೂಲೆ ಹರಿದಿತ್ತು. ನಾನು ಓದಲಿಲ್ಲ, ಓದಲು ಕಣ್ಣೇ ಇರಲಿಲ್ಲ. ಬಾಬುಸಾಬನೇ ಅಕ್ಷರ ಕೂಡಿಸಿ ಓದಿದ. ಕ್ಷೇಮ. ತೆಂಗಿನಕಾಯಿ. ಮಳೆ. ನಿನ್ನ ಸಹಿ.

ಮೊದಲು ಅತ್ತೆ, ಆಮೇಲೆ ನಕ್ಕೆ, ಆಮೇಲೆ ನಿನ್ನ ಮೇಲೆ ಇಂಥ ಸಿಟ್ಟು ಬಂತು, ಎದುರಿಗಿದ್ದಿದ್ದರೆ ಕಪಾಳಕ್ಕೆ ಕೊಡುತ್ತಿದ್ದೆ. ಇಲಿ ಕಡಿಯಿತೇ? ಓದುವ ಸಾಹೇಬರು ಹರಿದರೇ? ದಾರಿಯಲ್ಲಿ ಸಿಕ್ಕಿ ಹರಿಯಿತೇ? ನಾನು ಅವ್ವನಿಗೆ ಇಲಿ ಎಂದೇ ಹೇಳಿದೆ. ಅವ್ವ ಕಾರ್ಡಿನ ಮೇಲೆ ಬೆರಳಾಡಿಸಿ, “ಇಲಿ ಕಡದ್ರ ಹಿಂಗ ಆಗೂದಿಲ್ಲ. ಕೈಲೆ ಹರದಾನ. ನನ್ನ ಮಗಗ ರೀತಿ ಗೊತ್ತೈತಿ. ಯಾರೋ ಸತ್ತಾರ, ಹೆಸರ ಹೇಳವಲ್ಲ” ಎಂದಳು.

ಮರುದಿನವೇ ಬಬಲೇಶ್ವರದ ನಮ್ಮ ಹಳೇ ಮನೆಗೆ ಹೊರಟಳು. ಸಾವಿನ ರೀತಿಯನ್ನು ಸ್ವಂತ ಮನೆಯಲ್ಲೇ ಹಿಡಿಯಬೇಕಂತೆ. ಅಲ್ಲಿ ಹೋಗಿ ಒಲೆ ಆರಿಸಿಬಿಟ್ಟಿದ್ದಾಳೆ. ಯಾರು ಸತ್ತರೆಂದು ಗೊತ್ತಾಗಿ, ತವರಿನವರು ಬುತ್ತಿ ತಂದು ಉಣಿಸುವ ತನಕ ಹಚ್ಚುವುದಿಲ್ಲವಂತೆ. ತವರು ಎಂದರೆ ಅಮರಪ್ಪ ಮಾವ ತಾನೇ? ಅವನು, ಯಾರೂ ಸಾಯದ ಮನೆಗೆ ಎಂಥ ಬುತ್ತಿ ಎಂದು ಹೇಳಿ ಕಳಿಸಿದ. ಮಠದ ಅಯ್ಯನವರು ಬಂದು, “ನಮ್ಮೊಳಗ ಸೂತಕ ಇಲ್ಲ ತಾಯಿ” ಎಂದರು. “ಸೂತಕ ಅಲ್ರಿ ಅಯ್ಯಾರ, ಒಲಿ ಮುಂದ ಕುಂತ್ರ ಕೈ ಏಳವಲ್ದು” ಎಂದಳಂತೆ. ತನ್ನ ಜೋಳದ ಹಿಟ್ಟನ್ನು ಒಂದು ದಿನ ಬದಿಯ ಹನಮವ್ವನ ಮನೆಗೆ, ಒಂದು ದಿನ ಎದುರಿನ ಪೀರಾಂಬಿಯ ಮನೆಗೆ ಒಯ್ದು, ಅವರ ಒಲೆಯ ಮೇಲೆ ರೊಟ್ಟಿ ಬಡಿದುಕೊಂಡು ತಿನ್ನುತ್ತಾಳೆ.

ಇದು ಇಲಿಯ ಕೆಲಸ ಎಂದು ಬರೆ. ಮುದುಕಿ ಉಪವಾಸ ಬೀಳುವ ಮೊದಲು ಬರೆ.

ಅಕ್ಕ


ಸುರಬಾಯಾ
೧೦ ಜನವರಿ ೧೯೪೬

ಅಕ್ಕಾ,

ಇದು ಪೋಸ್ಟಿನಲ್ಲಿ ಬರುವುದಿಲ್ಲ. ಗೈಬುಸಾಬನ ಕಾಲಿಗೆ ಪೆಟ್ಟಾಗಿ ಊರಿಗೆ ಕಳಿಸುತ್ತಿದ್ದಾರೆ. ಅವನ ಅಂಗಿಯ ಒಳಗೆ ಬರುತ್ತದೆ. ಅದಕ್ಕೇ ಊರ ಹೆಸರು ಬರೆದಿದ್ದೇನೆ. ನನ್ನ ಕಾರ್ಡು ಮುಟ್ಟಿರಬೇಕು. ಯಾರು ಸತ್ತರು ಎಂದು ಕೇಳಿರುತ್ತೀ. ನನಗೆ ಹೆಸರು ಗೊತ್ತಿಲ್ಲ. ಗೊತ್ತಿದ್ದರೆ ಹೇಗಾದರೂ ಬರೆಯುತ್ತಿದ್ದೆ.

ನಾವು ಇಳಿದಾಗ ಊರ ಗೋಡೆಗಳ ಮೇಲೆ ಸ್ವಾತಂತ್ರ್ಯ ಬೇಕು ಅಂತ ಇಂಗ್ಲಿಷಿನಲ್ಲಿ ಬರೆದಿತ್ತು. ೪೨ರಲ್ಲಿ ನಮ್ಮ ಕೋಟೆಗೋಡೆಯ ಮೇಲೆ ಬರೆದಿರಲಿಲ್ಲವೇ, ಹಾಗೆಯೇ, ಬಣ್ಣ ಸೋರಿತ್ತು. ಜಪಾನಿಯರು ಸೋತಾಯಿತು, ಇವರು ಯಾರು ಎಂದು ಸುಬೇದಾರರನ್ನು ಕೇಳಿದೆವು. ಪುಂಡರು ಎಂದರು. ಪುಂಡರಲ್ಲಿ ಮುದುಕರಿದ್ದರು, ಬಸುರಿಯರಿದ್ದರು. ಮೊದಲು ಇಲ್ಲಿ ಆಳುತ್ತಿದ್ದ ಡಚ್ಚರಿಗೆ ತಮ್ಮ ರಾಜ್ಯ ವಾಪಸು ಬೇಕು. ಅದಕ್ಕೆ ಕೈ ನಮ್ಮದು. ಗೈಬುಸಾಬ ಒಂದು ಶುಕ್ರವಾರ ಅವರ ಸಾಲಿನಲ್ಲಿ ನಮಾಜಿಗೆ ನಿಂತು ಬಂದಿದ್ದ. ಮುಂದಿನ ಶುಕ್ರವಾರ ಆ ಮಸೀದಿಗೆ ಚಾವಣಿ ಇರಲಿಲ್ಲ.

ನನ್ನದು ಮಾರ್ಟರಿನ ಕೆಲಸ. ಸಣ್ಣ ತೋಫು ಅದು. ಗುಂಡು ಮೇಲಕ್ಕೆ ಹೋಗಿ ಮನೆಗಳ ಆಚೆ ಬೀಳುತ್ತದೆ. ಎಲ್ಲಿ ಬಿತ್ತೆಂದು ಹಾರಿಸಿದವನಿಗೆ ಕಾಣುವುದಿಲ್ಲ. ಕಾಣದ್ದರಿಂದಲೇ ಮೂರು ವರ್ಷ ನನಗೆ ಊಟ ಸೇರುತ್ತಿತ್ತು. ನವೆಂಬರಿನಲ್ಲಿ ಒಂದು ಓಣಿಯಿಂದ ಯಾರೋ ಬಂದೂಕು ಹಾರಿಸಿದರು. ಓಣಿಯ ಮೇಲೆ ಹಾಕು ಎಂದು ಹುಕುಂ ಬಂತು. ಹಾಕಿದೆವು. ಆಮೇಲೆ ಅದೇ ಓಣಿಯಲ್ಲಿ ನಡೆದು ಹೋದೆವು.

ಬಿದಿರಿನ ತಟ್ಟಿಯ ಮನೆಗಳು. ಒಂದು ಮನೆಯಲ್ಲಿ ಒಬ್ಬ ಮುದುಕಿ, ಒಬ್ಬಳು ಹರೆಯದವಳು, ಅವಳ ಮಡಿಲಲ್ಲಿ ಒಂದು ಕೂಸು. ಹೇಗಿದ್ದರೆಂದು ಬರೆಯುವುದಿಲ್ಲ. ಒಳಗೆ ಒಲೆ ಉರಿಯುತ್ತಿತ್ತು. ಗಡಿಗೆಯಲ್ಲಿ ಅನ್ನ ಕುದಿಯುತ್ತಿತ್ತು. ನಾನು ಬಂದೂಕು ಗೋಡೆಗೆ ಆನಿಸಿ, ಕಟ್ಟಿಗೆ ಹೊರಗೆ ಎಳೆದು, ನೀರು ಸುರಿದು ಒಲೆ ಆರಿಸಿದೆ. ಸತ್ತ ಮನೆಯಲ್ಲಿ ಒಲೆ ಉರಿಯಬಾರದು ಅಂತ ಅವ್ವ ಹೇಳಿಕೊಟ್ಟಿದ್ದಳು. ಆ ಹೊತ್ತಿನಲ್ಲಿ ನನಗೆ ನೆನಪಾದದ್ದು ಅದೊಂದೇ. ಅಷ್ಟೇ ನಡೆದದ್ದು.

ಮತ್ತೆ ಇನ್ನೊಂದು ಓಣಿಗೆ ಹುಕುಂ ಬಂತು. ನಾನು ಕೈ ಹಿಂದೆ ಕಟ್ಟಿಕೊಂಡು ನಿಂತೆ. ಹಿಡಿದು ಕೂಡಿಹಾಕಿದ್ದಾರೆ. ಫೌಜಿನ ಕೋರ್ಟು ಆಗಬೇಕು. ಕ್ಯಾಪ್ಟನ್ ಸಾಹೇಬರು ಕೆಟ್ಟವರಲ್ಲ. “ಪಾಪ ನಿನ್ನದಲ್ಲ, ಹುಕುಂ ಕೊಟ್ಟವನದು” ಎಂದು ನನಗೆ ಸಮಾಧಾನ ಹೇಳಿದರು. ನಿಮಗೆ ಹುಕುಂ ಯಾರದು ಎಂದೆ. ಮೇಲಿನವರದು. ಅವರಿಗೆ? ಲಂಡನ್ನಿನದು. ಲಂಡನ್ನಿನವರು, ಕೂಡಿ ಗೆದ್ದ ಎಲ್ಲ ದೇಶಗಳ ಪರವಾಗಿ ಮಾಡಿದ್ದು ಅನ್ನುತ್ತಾರಂತೆ. ಅಕ್ಕಾ, ಪಾಪ ಹೀಗೆ ಮೇಲೆ ಮೇಲೆ ಹೋಗಿ ಯಾರಿಗೂ ಹತ್ತುವುದಿಲ್ಲ. ಹುಕುಂ ಮಾತ್ರ ಇಳಿದು ಇಳಿದು ನನ್ನ ಕೈಗೆ ಬಂದು ನಿಂತಿತು.

ಮಾವನಿಗೆ ನನ್ನನ್ನು ಬಿಡಿಸು ಎಂದು ಕೇಳಬೇಡ. ಒಂದೇ ಮಾತು ಕೇಳು. ಚಕ್ಕಡಿಯ ಮೇಲೆ ನಿಂತು ಕೆಟ್ಟದ್ದಕ್ಕೂ ನಾನು ಜಾಮೀನು ಅಂದಿದ್ದನಲ್ಲ, ಈ ಕೆಟ್ಟದ್ದಕ್ಕೆ ಹೌದೋ ಅಲ್ಲವೋ?

ಅವ್ವನಿಗೆ ಓಣಿಯ ಸುದ್ದಿ ಓದಬೇಡ. ಚೆನ್ನಾಗಿದ್ದಾನೆ ಅನ್ನು.

ಶಿವಯೋಗಿ


ವಿಜಾಪುರ
೧೭ ಫೆಬ್ರುವರಿ ೧೯೪೬

ನನ್ನಪ್ಪಾ ಶಿವಯೋಗೀ,

ಗೈಬುಸಾಬ ಕೋಲೂರಿಕೊಂಡು ಬಂದು ಕಾಗದ ಕೊಟ್ಟ. ನನ್ನ ಇಲಿಯ ಮಾತಿಗೆ ನನಗೇ ನಾಚಿಕೆಯಾಗಿದೆ. ನೀನು ಅಲ್ಲಿ ಒಲೆ ಆರಿಸಿದ್ದೀ, ಏನೂ ಗೊತ್ತಿಲ್ಲದೆ ಅವ್ವ ಇಲ್ಲಿ ಆರಿಸಿದ್ದಾಳೆ. ಇದನ್ನು ಯಾರ ಮುಂದೆ ಹೇಳಲಿ?

ಟಿಕೋಟಿಗೆ ಹೋದೆ. ಮಾವ ಹತ್ತಿಯ ಅಡತಿ ಅಂಗಡಿಯಲ್ಲಿ ತಕ್ಕೆಯ ದಿಂಬಿಗೆ ಒರಗಿ, ಚುನಾವಣೆಯ ಮಂದಿಗೆ ಚಹಾ ಕುಡಿಸುತ್ತಿದ್ದ. ಎಲ್ಲರೂ ಎದ್ದುಹೋದ ಮೇಲೆ ನಿನ್ನ ಮಾತನ್ನು ನಿನ್ನ ಮಾತಿನಲ್ಲೇ ಕೇಳಿದೆ.

“ನಾ ಏನ ಗುಂಡು ಹಾರಿಸೀನೇನ?” ಎಂದ. “ಹುಕುಂ ಕೊಟ್ಟಾಂವ ಲಂಡನ್ನಿನ್ಯಾಗ ಕುಂತಾನ, ನಾ ಟಿಕೋಟ್ಯಾಗ ಕುಂತ ಹತ್ತಿ ತೂಗತೀನಿ.”

“ನೀವು ಜಾಮೀನು ಅಂದಿದ್ರಿ ಮಾವ.”

“ಹುಡುಗೂರು ಜೀವಂತ ಬರೂದಕ್ಕ ಅಂದಿದ್ನೆವ್ವಾ. ಅಲ್ಲಿ ಹೋಗಿ ಏನ ಮಾಡತಾರ ಅನ್ನೂದಕ್ಕ ಯಾವ ಹುಚ್ಚ ಜಾಮೀನು ಆಗತಾನ?”

ಆಮೇಲೆ ದನಿ ತಗ್ಗಿಸಿದ. ಅವನಿಗೆ ಒಬ್ಬ ಕರ್ನಲ್ ಸಾಹೇಬರ ಪರಿಚಯವಿದೆಯಂತೆ. ಜ್ವರ ತಲೆಗೇರಿ ಹುಕುಂ ಮೀರಿದೆ, ತಪ್ಪಾಯಿತು ಎಂದು ನೀನು ಒಂದು ಸಹಿ ಮಾಡಿದರೆ ಬಿಟ್ಟುಬಿಡುತ್ತಾರಂತೆ. ಬದಲಿಗೆ ನಾನು ಬಾಯಿ ಮುಚ್ಚಿಕೊಂಡಿರಬೇಕು. ಮತ್ತೆ, “ನಿಮ್ಮವ್ವಗ ಒಲಿ ಹಚ್ಚಾಕ ಹೇಳು. ಬಬಲೇಶ್ವರದಾಗ ಓಟು ಕೇಳಾಕ ಹ್ವಾದ್ರ ಎಲ್ಲಾರೂ ನಿಮ್ಮಕ್ಕನ ಮನಿ ಒಲಿ ಯಾಕ ಉರಿಯವಲ್ದು ಅಂತ ಕೇಳತಾರ.” ನನ್ನ ಸಾಲಿಯ ಕಮಿಟಿಯಲ್ಲಿ ತಾನೂ ಒಬ್ಬನೆಂದು ನೆನಪಿಸಲು ಮರೆಯಲಿಲ್ಲ.

ನಾನು ಜಗಳ ಮಾಡಿ ಬಂದೆ ಎಂದು ಬರೆದರೆ ನಿನಗೆ ಹಿಗ್ಗಾಗುತ್ತಿತ್ತು. ಮಾಡಲಿಲ್ಲ ಶಿವಯೋಗಿ. ಆಯಿತು ಮಾವ ಅಂದೆ. ಕಾಗದ ನಿನ್ನ ಕಡೆ ಬರುತ್ತಿದೆ. ಸಹಿ ಮಾಡು. ಸತ್ತವರು ತಿರುಗಿ ಬರುವುದಿಲ್ಲ, ನೀನು ಬರಬಹುದು. ಗಂಡ ಹೋದ ಮೇಲೆ ನನಗೆ ಉಳಿದವನು ನೀನೊಬ್ಬ. ನನಗೆ ನೀನು ಬೇಕು, ನ್ಯಾಯ ಆಮೇಲೆ ನೋಡಿಕೊಳ್ಳೋಣ. ನಿನ್ನ ಕಾಲು ಬೀಳುತ್ತೇನೆ, ಸಹಿ ಮಾಡು.

ಅಕ್ಕ


೨೦ ಮಾರ್ಚ್ ೧೯೪೬

ಅಕ್ಕನಿಗೆ ಶರಣು.

ಕಾಗದ ಬಂತು. ಕ್ಯಾಪ್ಟನ್ ಸಾಹೇಬರು ತಮ್ಮ ಪೆನ್ನು ತೆಗೆದು ಕೈಗೆ ಕೊಟ್ಟರು. ಬಹಳ ಹೊತ್ತು ಹಿಡಿದುಕೊಂಡು ಕೂತೆ.

ನನಗೆ ಜ್ವರ ಬಂದಿರಲಿಲ್ಲ ಅಕ್ಕಾ. ಬಂದಿತ್ತೆಂದು ಬರೆದರೆ, ಅಲ್ಲಿ ಆದದ್ದೆಲ್ಲ ನನ್ನ ತಲೆಯೊಳಗೆ ಆದದ್ದು, ಓಣಿಯಲ್ಲಿ ಏನೂ ಆಗಿಲ್ಲ ಎಂದಂತಾಗುತ್ತದೆ. ಪೆನ್ನು ಹಿಂದಕ್ಕೆ ಕೊಟ್ಟೆ. ಒಂದು ವರ್ಷದ ಸೆರೆ, ಕೆಲಸದಿಂದ ತೆಗೆದದ್ದು, ಇಷ್ಟು ಆಗಿದೆ. ಹಿಂದುಸ್ತಾನಕ್ಕೆ ಕಳಿಸುತ್ತಾರಂತೆ.

ಸಿಟ್ಟಾಗಬೇಡ. ಆದರೂ ಬರೆಯುವುದು ಬಿಡಬೇಡ.

ಶಿವಯೋಗಿ


ಬಬಲೇಶ್ವರ
೨೧ ಏಪ್ರಿಲ್ ೧೯೪೬

ಶಿವಯೋಗೀ,

ಸಿಟ್ಟಾದೆ. ಇಷ್ಟು ದಿನ ಬರೆಯದೆ ಕೂತದ್ದು ಅದಕ್ಕೇ. ನಿನ್ನ ಕಾಗದವನ್ನು ತಗಡಿನ ಡಬ್ಬಿಯೊಳಗೆ ಹಾಕಿಟ್ಟು, ಸಾಲಿಯಲ್ಲಿ ಸಣ್ಣ ಹುಡುಗಿಯರ ಮೇಲೆ ರೇಗಿದೆ. ಈಗ ಬರೆಯುತ್ತಿದ್ದೇನೆ, ಏಕೆಂದರೆ ಇಲ್ಲಿ ನಡೆದದ್ದನ್ನು ನಿನಗೆ ಹೇಳದಿದ್ದರೆ ನನಗೆ ಉಣ್ಣಲಾಗುವುದಿಲ್ಲ.

ನೀನು ಅವ್ವನಿಗೆ ಹೇಳಬೇಡ ಅಂದಿದ್ದೆ. ನಾನು ಹೇಳಲಿಲ್ಲ. ಗೈಬುಸಾಬ ಹೇಳಿಬಿಟ್ಟಿದ್ದಾನೆ. ಮಮದಾಪುರದಿಂದ ಬಂದು ಅವ್ವನ ಮುಂದೆ ಕೂತು, ಓಣಿ, ಮುದುಕಿ, ಕೂಸು, ನೀನು ಒಲೆ ಆರಿಸಿ ಬಂದೆನೆಂದು ಅವನಿಗೆ ಹೇಳಿದ್ದು, ಎಲ್ಲ. ಅವ್ವ ಅಳಲಿಲ್ಲವಂತೆ. “ಹಂಗಾದ್ರ ಕಾರ್ಡು ಸುಳ್ಳಲ್ಲ” ಎಂದಳಂತೆ.

ಮಾವ ಚುನಾವಣೆಯಲ್ಲಿ ಆರಿಸಿ ಬಂದ. ಕೊರಳ ತುಂಬ ಹಾರ, ಮುಂದೆ ಹಲಗೆ ಮೇಳ, ಹಿಂದೆ ಮಂದಿ. ಅಕ್ಕನ ಆಶೀರ್ವಾದ ತೆಗೆದುಕೊಳ್ಳಲು ನಮ್ಮ ಮನೆಗೆ ಬಂದ. ಅವ್ವ ಹೊಸ್ತಿಲಲ್ಲಿ ಕೂತಿದ್ದಳು, ಏಳಲಿಲ್ಲ.

“ಸತ್ತ ಮನಿಗೆ ಹಲಗಿ ಬಾರಿಸಿಕೊಂತ ಬಂದೀಯೇನೋ ತಮ್ಮಾ?”

ಹಲಗೆ ನಿಂತಿತು. ಮಾವ ಮಂದಿಯನ್ನು ನೋಡಿ ನಕ್ಕು, “ಯಕ್ಕಾ, ಯಾರ ಸತ್ತಾರ? ನಿನ್ನ ಮಗ ಗಟ್ಟಿ ಅದಾನ” ಎಂದ.

“ನನ್ನ ಮಗ ಕೊಂದಾನ. ಅವನ್ನ ಕಳಿಸಿದಾಂವ ನೀನು. ಬುತ್ತಿ ತರಬೇಕಾದಾಂವನೂ ನೀನ.”

“ಆತು, ನಾಳಿಗೇ ತರತೀನಿ, ಮುಗೀತಲ್ಲ?”

“ಎಷ್ಟ ಮನೀದು ತರತಿ?”

ಮಾವನಿಗೆ ತಿಳಿಯಲಿಲ್ಲ. ಅವ್ವ ಬಿಡಿಸಿ ಹೇಳಿದಳು. “ಅಲ್ಲಿ ಎಷ್ಟ ಮನ್ಯಾಗ ಸತ್ತಾರ ಅಂತ ಕೇಳಿಕೊಂಡ ಬಾ. ಈಗ ನೀ ದೊಡ್ಡಾಂವ ಆಗೀದಿ, ಕೇಳಿದ್ರ ಸರಕಾರ ಹೇಳತೈತಿ. ಹುಡುಗೂರನ್ನ ಕಳಿಸೂವಾಗ ತಲಿ ಮುಟ್ಟಿ ಮುಟ್ಟಿ ಎಣಿಸಿ ಕಳಿಸಿದಿ. ಅವರನ್ನೂ ಯಾರರೆ ಎಣಿಸಿರಬೇಕಲ್ಲ?”

ಮಾವ ಹಾರಗಳನ್ನು ಒಂದೊಂದೇ ತೆಗೆದು ಕೈಯಲ್ಲಿ ಹಿಡಿದುಕೊಂಡು ಹೋದ. ಸಾಲಿಯ ನೌಕರಿ ಹೋಗುತ್ತದೋ ಏನೋ, ದಿನಾ ಹೆದರಿಕೆಯಿಂದಲೇ ಏಳುತ್ತೇನೆ. ಆದರೆ ಅವತ್ತು ಅವ್ವನ ಬದಿಗೆ ನಿಂತಿದ್ದೆ, ಒಳಗೆ ಹೋಗಲಿಲ್ಲ. ಇಷ್ಟಾದರೂ ನಿನಗೆ ಬರೆಯಬಹುದಾಗಿದೆ.

ಅಕ್ಕ


ಬಬಲೇಶ್ವರ
೧೫ ಸೆಪ್ಟೆಂಬರ್ ೧೯೪೬

ಶಿವಯೋಗೀ,

ನಿನ್ನನ್ನು ಪುಣೆಯ ಸೆರೆಗೆ ತಂದಿದ್ದಾರೆಂದು ಗೊತ್ತಾಗಿ ತಿಂಗಳು ಮೂರಾಯಿತು. ನಾಲ್ಕು ಕಾಗದ ಬರೆದೆ, ಉತ್ತರವಿಲ್ಲ. ಬರೆಯಲು ಬಿಡುತ್ತಾರೋ ಇಲ್ಲವೋ, ಮೈಯಲ್ಲಿ ಹುಷಾರಿದ್ದೀಯೋ ಇಲ್ಲವೋ ಗೊತ್ತಿಲ್ಲ. ಇದಕ್ಕಾದರೂ ಉತ್ತರ ಬರೆಯಲೇಬೇಕು. ಅವ್ವ ಕಾಯುತ್ತಿದ್ದಾಳೆ.

ನಿನ್ನೆ ಅಮರಪ್ಪ ಮಾವ ಬಂದ. ಸರ್ವಿಸ್ ಮೋಟಾರಿನಲ್ಲಿ, ಒಬ್ಬನೇ. ಹೆಗಲ ಮೇಲೆ ಒಂದು ಬಟ್ಟೆಯ ಗಂಟು. ಮೊದಲಿನ ಮೀಸೆಯ ಗತ್ತಿಲ್ಲ.

“ಕೇಳಿಕೊಂಡ ಬಂದ್ಯಾ?” ಅವ್ವ ಅಂದಳು.

“ಕೇಳಿದೆ ಯಕ್ಕಾ. ಬರದು ಬರದು ಕೇಳಿದೆ. ಎಣಿಸಿಲ್ಲಂತ.”

ಗಂಟನ್ನು ಹೊಸ್ತಿಲ ಮೇಲೆ ಇಟ್ಟ. “ರೊಟ್ಟಿ ಬುತ್ತಿ ತರಬೇಕಂದ್ರ ಎಲ್ಲೂ ಜ್ವಾಳ ಸಿಗವಲ್ದು. ರೇಶನ್ ಡಿಪೋದಾಗ ಇದೊಂದು ಸಿಕ್ತು” ಎಂದ. ಅವ್ವ ಗಂಟು ಬಿಚ್ಚಿದಳು. ಅಕ್ಕಿ. ನಮ್ಮ ಕಡೆಯ ಅಕ್ಕಿಯಲ್ಲ. ನಾಲ್ಕು ಕಾಳು ಅಂಗೈಯಲ್ಲಿ ಹಾಕಿಕೊಂಡು, “ಇದ್ಯಾವ ಊರಿಂದು?” ಎಂದು ಕೇಳಿದಳು.

ನನಗೆ ಗೊತ್ತಿತ್ತು, ವಿಜಾಪುರದ ಡಿಪೋದ ಸರತಿಯಲ್ಲಿ ನಿಂತವರೆಲ್ಲರಿಗೂ ಗೊತ್ತು. ನಮ್ಮ ದೇಶದಲ್ಲಿ ಕಾಳಿಲ್ಲವೆಂದು ತಿಳಿದು ಅಲ್ಲಿಯ ಹೊಸ ಸರಕಾರ ಕಳಿಸಿದ್ದಂತೆ, ಬದಲಿಗೆ ಅರಿವೆ ಕೇಳಿದ್ದಾರಂತೆ. ನಾನೇ ಹೇಳಿದೆ, ಜಾವಾದ್ದು ಅಂತ.

ಅವ್ವ ಆ ಕಾಳುಗಳನ್ನು ಒಂದೊಂದಾಗಿ ಗಂಟಿಗೆ ತಿರುಗಿ ಹಾಕಿದಳು.

“ಸತ್ತ ಮನ್ಯಾವ್ರ ನಮಗ ಬುತ್ತಿ ಕಳಿಸ್ಯಾರೇನೋ, ಅಮರಪ್ಪಾ?”

ಮಾವ ಕಟ್ಟೆಯ ಮೇಲೆ ಕುಸಿದು ಕೂತು ರುಮಾಲಿನಲ್ಲಿ ಮುಖ ಮುಚ್ಚಿಕೊಂಡ. ಅಳುತ್ತಲೇ, “ಜಾಮೀನು ಅಂದಿದ್ನೆಕ್ಕಾ, ಖರೆ, ನಾನ ಅಂದಿದ್ದೆ” ಎಂದ. ಹನಮವ್ವ, ಪೀರಾಂಬಿ ಎಲ್ಲರೂ ಕೇಳಿಸಿಕೊಂಡರು. ಮಾವನ ಮೇಲೆ ನನಗಿದ್ದ ಸಿಟ್ಟು ಪೂರಾ ಹೋಗಿಲ್ಲ, ಆದರೂ ನೀರು ತಂದುಕೊಟ್ಟೆ.

ಅಕ್ಕಿ ಹೊಸ್ತಿಲ ಮೇಲೆಯೇ ಇದೆ. ಒಳಗೆ ತರಲು ಅವ್ವ ಒಪ್ಪುವುದಿಲ್ಲ, ತಿರುಗಿ ಒಯ್ಯಲೂ ಬಿಡುವುದಿಲ್ಲ. “ಅವರ ಒಲಿ ನೋಡಿದಾಂವ ಶಿವಯೋಗಿ. ಬೇಯಸಲ್ಯೋ ಬ್ಯಾಡೋ, ಅಂವ ಹೇಳಲಿ” ಎನ್ನುತ್ತಾಳೆ. ಬೇಗ ಬರೆ.

ಅಕ್ಕ


ಪುಣೆ
೨೪ ಸೆಪ್ಟೆಂಬರ್ ೧೯೪೬

ಅಕ್ಕಾ,

ಇದನ್ನು ಅವ್ವನಿಗೆ ಜೋರಾಗಿ ಓದಿ ಹೇಳು. ಮಾವನೂ ಇದ್ದರೆ ಕೇಳಲಿ.

ಜನವರಿಯ ಕಾಗದದಲ್ಲಿ ಅಷ್ಟೇ ನಡೆದದ್ದು ಅಂತ ಬರೆದಿದ್ದೆ. ಅಷ್ಟೇ ಅಲ್ಲ. ನಾನು ಒಲೆ ಆರಿಸಿ ನಿಂತಾಗ ಒಬ್ಬ ಮುದುಕ ಬಂದ. ನನ್ನನ್ನು ಎದೆಗೆ ಕೈ ಹಚ್ಚಿ ನೂಕಿದ. ಹೊಡೆಯುತ್ತಾನೆ ಅಂದುಕೊಂಡೆ, ಹೊಡೆಯಲಿ ಎಂದೇ ನಿಂತೆ. ಅವನು ನನ್ನ ಕಡೆ ನೋಡಲೇ ಇಲ್ಲ. ಒದ್ದೆ ಕಟ್ಟಿಗೆ ಸರಿಸಿ, ಬಿದ್ದ ಗೋಡೆಯ ಬಿದಿರು ಮುರಿದು, ಕೂತು ಊದಿ ಊದಿ ಒಲೆ ಮತ್ತೆ ಹಚ್ಚಿದ. ಆಮೇಲೆ ಹಿಂದಿನ ಕಡೆಗೆ ಮುಖ ಮಾಡಿ ಕರೆದ. ಕಣಜದ ಮರೆಯಿಂದ ಎರಡು ಮಕ್ಕಳು ಹೊರಗೆ ಬಂದವು. ಆ ಅನ್ನ ಅವುಗಳದ್ದು. ಅದು ಅರ್ಧ ಬೆಂದಿರುವಾಗಲೇ ನಾನು ಒಲೆ ಆರಿಸಿದ್ದೆ.

ಗುಂಡು ಹಾಕಿದ್ದನ್ನು ನಿನಗೆ ಬರೆದೆ, ಹುಕುಂ ಇತ್ತು. ಒಲೆ ಆರಿಸು ಅಂತ ನನಗೆ ಯಾರೂ ಹುಕುಂ ಕೊಟ್ಟಿರಲಿಲ್ಲ. ಅದಕ್ಕೇ ಇದನ್ನು ಬರೆಯಲಾಗಲಿಲ್ಲ, ನಿನ್ನ ನಾಲ್ಕು ಕಾಗದಕ್ಕೂ ಉತ್ತರ ಹೊರಡಲಿಲ್ಲ.

ಅವ್ವಾ, ಒಲೆ ಹಚ್ಚು. ಅಕ್ಕಿ ಪೂರಾ ಬೇಯಿಸು, ಉಳಿಸಬೇಡ. ಓಣಿಯ ಮಕ್ಕಳನ್ನೆಲ್ಲ ಕರೆ, ಹನಮವ್ವನ ಮನೆಯವು, ಪೀರಾಂಬಿಯ ಮನೆಯವು, ಎಲ್ಲವನ್ನೂ. ಮಾವ ಬಡಿಸಲಿ. ಎಲ್ಲ ಮಕ್ಕಳ ಊಟ ಆಗುವ ತನಕ ಅವನು ಕೂಡುವುದು ಬೇಡ.

ಅಕ್ಕಾ, ಈ ಕಾಗದದ ಮೂಲೆ ಹರಿದಿದ್ದೇನೆ. ಇನ್ನು ಮುಂದೆ ಬರೆಯುವ ಎಲ್ಲ ಕಾರ್ಡಿಗೂ ಹರಿಯುತ್ತೇನೆ. ಬಾಬುಸಾಬನಿಗೆ ಮೊದಲೇ ಹೇಳಿಡು. ಅಂಜುವುದು ಬೇಡ, ಬರೆದವನು ಬದುಕಿದ್ದಾನೆ.

ಶಿವಯೋಗಿ